ಮೂರೂಕಾಲಿಗೆ ನಿಲ್ಲುತ್ತಿದ್ದ ಚಿತ್ರ

ನಮ್ಮ ಮನೆಯಲ್ಲಿ ಸೆಕೆಂಡಿನ ಮುಳ್ಳಿರುವ ಗಡಿಯಾರ ಇಲ್ಲ. ಬಂದವರ ಗಮನಕ್ಕೆ ಬರುವಂಥ ವಿಷಯವಲ್ಲ ಅದು, ಯಾರೂ ಕೇಳುವುದಿಲ್ಲ. ಮುಂಚೆ ನಮ್ಮ ಹೋಟೆಲಿನಲ್ಲಿ ಒಂದಿತ್ತು, ನಾನೇ ಕೊಂಡು ತಂದದ್ದು, ಬಿಳಿ ಮುಖ, ಕೆಂಪು ಮುಳ್ಳು. ಆಮೇಲೆ ಅದು ಎಲ್ಲಿಗೆ ಹೋಯಿತೆಂದು ನಾನು ಕೇಳಿಲ್ಲ, ಅಪ್ಪನೂ ಹೇಳಿಲ್ಲ.

ಎರಡು ಸಾವಿರದ ಹತ್ತರ ಆಸುಪಾಸಿನ ಮಾತು. ಅಪ್ಪ ಡೊಂಬಿವಲಿ ಸ್ಟೇಷನ್ನಿನ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದರು. ಆಪರೇಷನ್ ಆಗಿ ಸಾನಪಾಡಾದ ನಮ್ಮ ಮನೆಯ ಹಾಲ್‌ನಲ್ಲಿ ಮಂಚ ಹಿಡಿದರು. ಮೂವತ್ತು ವರ್ಷ ಕತ್ತಲಲ್ಲೇ ಎದ್ದು ಹೋಟೆಲಿಗೆ ಹೋಗುತ್ತಿದ್ದ ಮನುಷ್ಯ ಈಗ ಗೋಡೆ ನೋಡುತ್ತ ಮಲಗಬೇಕೆಂದರೆ ಹೇಗೆ? ಡೊಂಬಿವಲಿಯ ಹೋಟೆಲು ಚಿಕ್ಕಪ್ಪನ ಕೈಗೆ ಹೋಯಿತು. ಚಿಕ್ಕಪ್ಪ ಗಲ್ಲೆಯ ಮೇಲೆ ಕೂತು ಗಿರಾಕಿಗಳ ಜೊತೆ ಹರಟುವುದರಲ್ಲಿ ಗಟ್ಟಿಗರು. ಅಡಿಗೆಮನೆಗೆ ಮಾತ್ರ ಕಾಲಿಡುತ್ತಿರಲಿಲ್ಲ. ಅಲ್ಲಿ ಎಲ್ಲ ಭಟ್ಟರದ್ದೇ ಕಾರುಬಾರು.

ಭಟ್ಟರು ಉಡುಪಿ ಕಡೆಯಿಂದ ಅಪ್ಪನ ಜೊತೆಗೇ ಬಂದು, ಮೊದಲ ದಿನದ ಒಲೆ ಹಚ್ಚಿದವರು. ನಾನು ಹುಟ್ಟಿದಾಗ ಶಿರಾ ಮಾಡಿ ಹಂಚಿದವರೂ ಅವರೇ. ತಿರುಗುತ್ತಿರುವ ಗ್ರೈಂಡರಿನೊಳಗೆ ಕೈ ಹಾಕಿ, ಹಿಟ್ಟನ್ನು ಬೆರಳ ನಡುವೆ ಉಜ್ಜಿ, "ಉದ್ದು ಇನ್ನೂ ಹತ್ತು ನಿಮಿಷ ಅರೀಬೇಕು" ಎನ್ನುತ್ತಿದ್ದರು. ಹಾಗಾಗಿ ಅವರ ಬಲಗೈ ಸದಾ ಒದ್ದೆ. ಹೆಗಲ ಬೈರಾಸಿನಲ್ಲಿ ಎಷ್ಟು ಒರೆಸಿಕೊಂಡರೂ ಒದ್ದೆ.

ನಾನು ಮಹಾಪೆಯ ಒಂದು ಕಂಪನಿಯಲ್ಲಿ ಬೇರೆಯವರ ನೆಟ್‌ವರ್ಕ್ ಸರಿಮಾಡಿಕೊಡುವ ಕೆಲಸದಲ್ಲಿದ್ದೆ. ಅಪ್ಪನ ಚಡಪಡಿಕೆ ನೋಡಲಾರದೆ ಒಂದು ವೆಬ್‌ಕ್ಯಾಮ್ ಕೊಂಡು, ಹಳೆಯ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಅಡಿಗೆಮನೆಯ ಗೋಡೆಗೆ ಕಟ್ಟಿದೆ. ಮೊಳೆ ಇದ್ದದ್ದು ಒಂದೇ ಕಡೆ, ಗ್ರೈಂಡರಿನ ಸ್ವಿಚ್ಚಿದ್ದ ಕಬ್ಬಿಣದ ಪೆಟ್ಟಿಗೆಯ ನೇರ ಮೇಲೆ. ಅಲ್ಲಿಂದ ಒಲೆ, ಕಟ್ಟೆ, ಎದುರು ಗೋಡೆಯ ಗ್ರೈಂಡರು ಎಲ್ಲ ಕಾಣುತ್ತಿತ್ತು. ಕಾಣದೆ ಉಳಿದದ್ದು ಆ ಪೆಟ್ಟಿಗೆ ಒಂದೇ.

ಚಿತ್ರ ಮನೆಯ ಕಂಪ್ಯೂಟರಿಗೆ ಬರುತ್ತಿತ್ತು, ಆದರೆ ಕುಂಟುತ್ತ. ಅಪ್ಪ ಸಿಡುಕಿದರು. "ಭಟ್ರು ದೋಸೆ ಹೊಯ್ಯುದು ಕಾಣ್ತದೆ, ಮತ್ತೆ ಸೀದಾ ತಟ್ಟೆಗೆ ಹಾಕುದು ಕಾಣ್ತದೆ. ನಡುವೆ ದೋಸೆ ಬೇಯುದು ಎಲ್ಲಿ ಹೋಯ್ತು?"

ಅವರಿಗೆ ವಿವರಿಸಿದೆ. ವಿಡಿಯೋ ಎಂದರೆ ಒಂದರ ಹಿಂದೊಂದು ಓಡಿಬರುವ ಬಿಡಿ ಚಿತ್ರಗಳು, ಒಂದೊಂದೂ ಒಂದು ಫ್ರೇಮ್. ದಾರಿ ಇಕ್ಕಟ್ಟಾದರೆ ಕೆಲವು ಫ್ರೇಮುಗಳು ದಾರಿಯಲ್ಲೇ ಬಿದ್ದುಹೋಗುತ್ತವೆ. ಆಮೇಲೆ ಒಂದೊಂದೇ ಸರಿಮಾಡುತ್ತ ಹೋದೆ. ಚಿತ್ರದ ಗಾತ್ರ ಇಳಿಸಿದೆ. ವೈಫೈ ಬಿಟ್ಟು ಮೋಡೆಮಿಗೆ ನೇರ ವೈರ್ ಎಳೆದೆ. ಬೆಳಕು ಕಮ್ಮಿಯಾದರೆ ಕ್ಯಾಮೆರಾ ತಾನೇ ನಿಧಾನವಾಗುತ್ತದೆಂದು ಹೊಸ ಟ್ಯೂಬ್‌ಲೈಟ್ ಹಾಕಿಸಿದೆ. ಕೊನೆಗೆ ಸೆಕೆಂಡಿನ ಮುಳ್ಳಿನ ಗಡಿಯಾರ ತಂದು ಗ್ರೈಂಡರಿನ ಮೇಲ್ಗಡೆ ಗೋಡೆಗೆ ನೇತುಹಾಕಿದೆ. ಫ್ರೇಮ್ ತಪ್ಪಿದರೆ ಮುಳ್ಳು ಹಾರುವುದು ಕಣ್ಣಿಗೇ ಗೊತ್ತಾಗಬೇಕಲ್ಲ.

"ಚಿತ್ರ ನಿಂತ ಹಾಗೆ ಅನ್ನಿಸಿದ್ರೆ ಮುಳ್ಳು ನೋಡಿ ಅಪ್ಪ," ಎಂದೆ. "ಅದು ಓಡ್ತಾ ಇದ್ರೆ ಚಿತ್ರಕ್ಕೆ ಜೀವ ಉಂಟು ಅಂತ ಅರ್ಥ."

ವಾರದಲ್ಲಿ ಎಲ್ಲ ಸರಿಹೋಯಿತು, ಒಂದನ್ನು ಬಿಟ್ಟು. ದಿನಾ ಮಧ್ಯಾಹ್ನ ಊಟದ ಗರ್ದಿ ಮುಗಿದು, ಹುಡುಗರೆಲ್ಲ ಮಾಳಿಗೆ ಹತ್ತಿ ಅಡ್ಡಾದ ಮೇಲೆ, ಮೂರೂಕಾಲರ ಹೊತ್ತಿಗೆ ಚಿತ್ರ ನಿಂತುಬಿಡುತ್ತಿತ್ತು. ಎರಡು ನಿಮಿಷ ಕಲ್ಲಿನ ಹಾಗೆ ನಿಂತು, ಮತ್ತೆ ತಾನಾಗಿ ಹೊರಡುತ್ತಿತ್ತು. ನಿಂತ ಕೊನೆಯ ಫ್ರೇಮ್ ದಿನಾ ಅದೇ. ಭಟ್ಟರು ಕ್ಯಾಮೆರಾಕ್ಕೆ ಮುಖ ಮಾಡಿ, ಹುಳಿ ತಿರುವುವ ಮರದ ಕೋಲನ್ನು ಬಲಗೈಯಲ್ಲಿ ಮೇಲೆತ್ತಿ ನಿಂತಿರುವುದು.

ಮೊದಮೊದಲು ಅಪ್ಪ ನಕ್ಕರು. ಮೂರನೆಯ ದಿನದಿಂದ ನಗು ನಿಂತಿತು. "ಕ್ಯಾಮೆರಾಕ್ಕೆ ಕುಟ್ಟುದು ಅವರೇ. ಎರಡು ನಿಮಿಷ ನನ್ನ ಕಣ್ಣು ಕಟ್ಟಿ ಅಲ್ಲಿ ಎಂತ ಮಾಡ್ತಾರೆ?"

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಮಲಗಿದಲ್ಲೇ ಮಲಗಿದವರಿಗೆ ಆ ಎರಡು ನಿಮಿಷ ದಿನವಿಡೀ ಉಣ್ಣುವ ಊಟವಾಯಿತು. ಆ ಕೊನೆಯ ಫ್ರೇಮನ್ನು ಅವರು ಎಷ್ಟು ನೋಡಿದರೆಂದರೆ, ಭಟ್ಟರ ಮುಖದಲ್ಲಿ ಇಲ್ಲದ ಕಳ್ಳತನವೆಲ್ಲ ಅವರಿಗೆ ಕಾಣತೊಡಗಿತು. ಒಂದು ಸಂಜೆ ನಿರ್ಧಾರದ ದನಿಯಲ್ಲಿ ಹೇಳಿದರು: "ಗಣಪತಿ ಹಬ್ಬ ಆಗ್ಲಿ. ಮತ್ತೆ ಅವರನ್ನು ಊರಿಗೆ ಕಳಿಸುವ."

ಆ ಅಡಿಗೆಮನೆ ಬಿಟ್ಟರೆ ಭಟ್ಟರಿಗೆ ಮನೆಯೂ ಇಲ್ಲ, ಮಠವೂ ಇಲ್ಲ. ನಾನು ಕಟ್ಟಿದ ಕ್ಯಾಮೆರಾ ಅವರ ಅನ್ನಕ್ಕೆ ಕಲ್ಲು ಹಾಕುವುದು ನನಗೆ ಬೇಕಿರಲಿಲ್ಲ.

ಶನಿವಾರ ರಜೆ ಇತ್ತು. ಠಾಣೆ ಸ್ಟೇಷನ್ನಿನಲ್ಲಿ ರೈಲುಗಾಡಿ ಬದಲಿಸಿ ಡೊಂಬಿವಲಿಗೆ ಹೊರಟೆ. ಮುಂಬ್ರಾದ ಗುಡ್ಡಗಳ ಮೇಲೆ ಮೋಡ ಕೂತಿತ್ತು. ಮಾಡಬೇಕಾದ ಪರೀಕ್ಷೆ ಸರಳ. ಲ್ಯಾಪ್‌ಟಾಪು ತಾನು ಕಂಡದ್ದರ ಒಂದು ಪ್ರತಿಯನ್ನು ತನ್ನಲ್ಲೇ ಉಳಿಸಿಕೊಳ್ಳುತ್ತಿತ್ತು. ಆ ಪ್ರತಿ ಕೂಡ ನಿಂತಿದ್ದರೆ ತಪ್ಪು ಕ್ಯಾಮೆರಾದ ಹತ್ತಿರ. ಅದು ಸರಿಯಿದ್ದು ಮನೆಗೆ ಬಂದದ್ದು ಮಾತ್ರ ನಿಂತಿದ್ದರೆ ತಪ್ಪು ದಾರಿಯಲ್ಲಿ.

ತೆಗೆದು ನೋಡಿದೆ. ಇಡೀ ಇತ್ತು, ಒಂದು ಸೆಕೆಂಡೂ ಬಿಟ್ಟಿರಲಿಲ್ಲ. ಭಟ್ಟರು ಬರುತ್ತಾರೆ, ಕೋಲು ಎತ್ತುತ್ತಾರೆ, ಕೋಲು ಕ್ಯಾಮೆರಾದ ಕೆಳಗೆ ಎಲ್ಲಿಗೋ ಹೋಗುತ್ತದೆ, ಟ್ಯೂಬ್‌ಲೈಟ್ ಒಮ್ಮೆ ಕಣ್ಣು ಮಿಟುಕಿಸುತ್ತದೆ, ಅವರು ಪಕ್ಕಕ್ಕೆ ಸರಿದಾಗ ಹಿಂದೆ ಗ್ರೈಂಡರು ತಿರುಗುತ್ತಿರುತ್ತದೆ. ಅಷ್ಟೇ.

ಅವತ್ತು ಮೂರೂಕಾಲಿಗೆ ಎದುರಿಗೇ ನಿಂತು ನೋಡಿದೆ. ಭಟ್ಟರು ಕಬ್ಬಿಣದ ಪೆಟ್ಟಿಗೆಯ ಹಿಡಿಕೆಯನ್ನು ಕೋಲಿನಿಂದ ಮೇಲಕ್ಕೆ ತಳ್ಳಿದರು. ಬೆಳಕು ಕುಗ್ಗಿತು, ಗ್ರೈಂಡರು ಗುರ್ರೆಂದಿತು, ಮೋಡೆಮಿನ ದೀಪಗಳೆಲ್ಲ ಆರಿ ಒಂದೊಂದಾಗಿ ಹತ್ತತೊಡಗಿದವು. ವೋಲ್ಟೇಜ್ ಬಿದ್ದು ಮೋಡೆಮ್ ಸತ್ತು ಹುಟ್ಟುತ್ತಿತ್ತು. ಅದಕ್ಕೇ ಎರಡು ನಿಮಿಷ. ನಾನು ಸಣ್ಣ ಹುಡುಗಿಯಂತೆ ಚಪ್ಪಾಳೆ ತಟ್ಟಿದೆ.

"ಅದ್ಸರಿ, ಕೋಲು ಯಾಕೆ ಭಟ್ರೇ?"

"ಹಿಡಿಕೆ ಸ್ವಲ್ಪ ಹಿಡಿತದೆ ಮಗಾ. ನನ್ನದು ಒದ್ದೆ ಕೈ ಅಲ್ವಾ."

"ಶಾಕಾ?"

"ಶಾಕ್ ಅಂತ ಹೇಳ್ಲಿಕ್ಕಿಲ್ಲ. ಜುಂ ಅಂತದೆ. ಕೋಲಲ್ಲಿ ತಳ್ಳಿದ್ರೆ ಎಂತ ತೊಂದ್ರೆ ಇಲ್ಲ."

ಪೆಟ್ಟಿಗೆಯ ಹತ್ತಿರ ಕೈ ಒಡ್ಡಿದೆ. ಬಿಸಿಯಿತ್ತು. ಕೂದಲು ಸುಟ್ಟಂಥ ವಾಸನೆ ಸಣ್ಣಗೆ ಬರುತ್ತಿತ್ತು. ಒಳಗಿನ ಜೋಡಣೆ ಸಡಿಲವಾಗಿದೆ, ಅದಕ್ಕೇ ವೋಲ್ಟೇಜ್ ಬೀಳುತ್ತಿದೆ ಎಂದು ನನ್ನ ತಲೆ ಥಟ್ಟನೆ ಹೇಳಿತು. ಹೇಳಿ, ಖುಷಿಪಟ್ಟು, ಅಲ್ಲಿಗೇ ಸುಮ್ಮನಾಯಿತು. ನನಗೆ ಬೇಕಿದ್ದ ಉತ್ತರ ಸಿಕ್ಕಿತ್ತಲ್ಲ.

ಚಿಕ್ಕಪ್ಪನಿಗೆ ಹೇಳಿದೆ, ಹೇಳಲಿಲ್ಲವೆಂದಲ್ಲ. "ವೈರ್‌ಮನ್ ಬಂದ್ರೆ ಅರ್ಧ ದಿವಸ ಕಿಚನ್ ಬಂದ್ ಇಡ್ಬೇಕು ಅಂತಾನೆ," ಎಂದರು. "ಗಣಪತಿ ಮುಗೀಲಿ. ಗರ್ದಿ ಕಮ್ಮಿ ಆದ್ಮೇಲೆ ನೋಡುವ." ನಾನು ತಲೆಯಾಡಿಸಿದೆ. ಸ್ಟೇಷನ್ ಹತ್ತಿರದ ಅಂಗಡಿಯಿಂದ ಚಿಕ್ಕದೊಂದು ಯುಪಿಎಸ್ ತಂದು ಮೋಡೆಮಿಗೆ ಜೋಡಿಸಿದೆ. ಗ್ರೈಂಡರನ್ನು ಎರಡು ಸಲ ಹಾಕಿ ತೆಗೆದು ನೋಡಿದೆವು. ಬೆಳಕು ಮೊದಲಿನಂತೆಯೇ ಕುಗ್ಗಿತು, ಚಿತ್ರ ಮಾತ್ರ ಕದಲಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿ, ಡಾಕ್ಟರಂತೆ ಬೀಗುತ್ತ ಮನೆಗೆ ಬಂದೆ.

ಅಪ್ಪನಿಗೆ ಎಲ್ಲ ತೋರಿಸಿದೆ. ಬಹಳ ನಾಚಿಕೊಂಡರು. ಕಣ್ಣೊರೆಸಿಕೊಂಡರು ಕೂಡ. ಆದರೆ ಅಳಿಯ ಅಲ್ಲ, ಮಗಳ ಗಂಡ ಎನ್ನುವ ಜಾತಿ ಅವರದು. ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: "ಆದ್ರೂ ನೋಡುವಾಗ ಕೋಲು ನನ್ನ ಮುಖಕ್ಕೇ ಬಂದ ಹಾಗೆ ಆಗ್ತದೆ. ಅದೊಂದು ಬೇಡ ಅಂತ ಹೇಳು."

ನಾನು ಹೇಳಿದೆ. ಫೋನಿನಲ್ಲಿ, ನಗುತ್ತ ಹೇಳಿದೆ. ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. ಅಪ್ಪನ ಸಂಶಯದ ಕಥೆಯನ್ನೂ ತಮಾಷೆ ಎಂದುಕೊಂಡು ಒಪ್ಪಿಸಿಬಿಟ್ಟೆ. ಆ ಕಡೆಯಿಂದ ನಗು ಬರಲಿಲ್ಲ.

"ನಿನ್ನ ಅಪ್ಪನಿಂದ ಮುಚ್ಚಿಡ್ಲಿಕ್ಕೆ ನನ್ನ ಹತ್ರ ಎಂತ ಉಂಟು ಮಗಾ?" ಎಂದರು ಭಟ್ಟರು. ಆಮೇಲೆ, "ಆಯ್ತು. ಇನ್ನು ಕೋಲು ಮುಟ್ಟುದಿಲ್ಲ. ಅವರು ನೋಡ್ಲಿ."

ಮರುದಿನ ಭಾನುವಾರ ನಾನೂ ಅಪ್ಪನ ಪಕ್ಕ ಕೂತಿದ್ದೆ. ಮೂರೂಕಾಲಿಗೆ ಭಟ್ಟರು ಕ್ಯಾಮೆರಾದ ಮುಂದೆ ಬಂದರು. ಬೈರಾಸಿನಲ್ಲಿ ಕೈ ಒರೆಸಿದರು. ಎರಡು ಅಂಗೈಗಳನ್ನೂ ಬಿಡಿಸಿ, ಬರಿದು ನೋಡಿ ಎನ್ನುವಂತೆ ನಮಗೆ ತೋರಿಸಿದರು. ಆಮೇಲೆ ಬಲಗೈ ಚಾಚಿ ಹಿಡಿಕೆ ತಳ್ಳಿದರು. ಟ್ಯೂಬ್‌ಲೈಟ್ ಮಿಟುಕಿತು. ಅವರು ಕೈಯನ್ನು ಒಮ್ಮೆ ಕೊಡವಿಕೊಂಡು ಕೆಲಸಕ್ಕೆ ಹೋದರು. ಕೊಡವಿದ್ದನ್ನು ನಾನು ನೋಡಿದೆ. ನೀರು ಕೊಡವಿದರು ಎಂದುಕೊಂಡೆ.

ಅದು ದಿನದ ರೂಢಿಯಾಯಿತು. ಅಪ್ಪ ಆ ಹೊತ್ತಿಗೆ ಚಹಾ ಹಿಡಿದುಕೊಂಡು ಕಾಯುತ್ತಿದ್ದರು. ಭಟ್ಟರು ಅಂಗೈ ತೋರಿಸಿದರೆ ಇವರು ಇಲ್ಲಿಂದ ಕೈ ಮುಗಿಯುತ್ತಿದ್ದರು, ಅದು ಅಲ್ಲಿಗೆ ಕಾಣದಿದ್ದರೂ. ಊರಿಗೆ ಕಳಿಸುವ ಮಾತು ಮತ್ತೆ ಬರಲಿಲ್ಲ. ಒಬ್ಬರ ಕೆಲಸ ಉಳಿಸಿದೆ, ಇಬ್ಬರ ಸ್ನೇಹ ಉಳಿಸಿದೆ ಎಂದು ನನಗೆ ಒಳಗೊಳಗೇ ಜಂಬ. ಆದರೂ ಗಾಡಿಯಲ್ಲಿ ನಿಂತಿರುವಾಗ ಕೆಲವೊಮ್ಮೆ ಆ ಸುಟ್ಟ ಕೂದಲಿನ ವಾಸನೆ ಕಾರಣವಿಲ್ಲದೆ ನೆನಪಾಗುತ್ತಿತ್ತು. ಫೋನ್ ಮಾಡಿ ವೈರ್‌ಮನ್ ವಿಷಯ ಕೇಳಬೇಕು ಎಂದುಕೊಳ್ಳುತ್ತಿದ್ದೆ. ಸ್ಟೇಷನ್ ಬಂದು ಇಳಿಯುವಷ್ಟರಲ್ಲಿ ಮರೆಯುತ್ತಿತ್ತು.

ಗಣಪತಿ ಹಬ್ಬಕ್ಕೆ ನಾಲ್ಕು ದಿನ ಇರುವಾಗ, ಮಧ್ಯಾಹ್ನ ಆಫೀಸಿನಲ್ಲಿದ್ದೆ. ಯಾವುದೋ ಬ್ಯಾಂಕಿನ ಲೈನ್ ಬಿದ್ದಿತ್ತು, ಒಂದು ಕಿವಿಯಲ್ಲಿ ಅವರ ಬೈಗುಳ. ಅಷ್ಟರಲ್ಲಿ ಮೊಬೈಲಿಗೆ ಅಪ್ಪನ ಕರೆ ಬಂತು.

"ಪುನಃ ನಿಂತಿತು ನೋಡು ನಿನ್ನ ಚಿತ್ರ."

ನನಗೆ ಸಿಟ್ಟು ಬಂತು. "ಮುಚ್ಚಿ ಪುನಃ ತೆಗೀರಿ ಅಪ್ಪ. ನಂಗೆ ಇಲ್ಲಿ ಕೆಲಸ ಉಂಟು."

ಅಪ್ಪನಿಗೆ ಮೌಸ್ ಹಿಡಿಯಲು ಬಾರದು. ಬಾಣವನ್ನು ಹುಡುಕುವುದಕ್ಕೇ ಅವರಿಗೆ ಒಂದು ಯುಗ ಬೇಕು. ನಾನು ಬ್ಯಾಂಕಿನವರಿಗೆ ಸಮಾಧಾನ ಹೇಳುತ್ತಿದ್ದೆ.

"ತೆಗೆದೆ. ಹಾಗೇ ಉಂಟು. ಭಟ್ರು ಕೈ ಎತ್ತಿ ನನ್ನನ್ನೇ ನೋಡ್ತಾ ನಿಂತಿದ್ದಾರೆ."

"ಎರಡು ನಿಮಿಷ ಬಿಡಿ, ತಾನಾಗಿ ಬರ್ತದೆ," ಎಂದೆ. ಹಳೆಯ ಅಭ್ಯಾಸದ ಮಾತು, ಬಾಯಿಗೆ ಬಂತು. ಹೇಳಿದ ಮೇಲೆ ನೆನಪಾಯಿತು. ಈಗ ಮೋಡೆಮಿಗೆ ಯುಪಿಎಸ್ ಇದೆ. ಮೂರೂಕಾಲಿಗೆ ಚಿತ್ರ ನಿಲ್ಲಲು ಕಾರಣವೇ ಇಲ್ಲ.

"ಅಪ್ಪ, ಹಿಂದೆ ಗಡಿಯಾರ ಕಾಣ್ತದಾ? ಮುಳ್ಳು ನೋಡಿ."

ಸಾನಪಾಡಾದ ನಮ್ಮ ಹಾಲ್‌ನ ಫ್ಯಾನಿನ ಸದ್ದು ಫೋನಿನಲ್ಲಿ ಕೇಳಿಸುತ್ತಿತ್ತು.

"ಓಡ್ತಾ ಉಂಟು," ಎಂದರು ಅಪ್ಪ. "ಮುಳ್ಳು ಓಡ್ತಾ ಉಂಟು ಮಗಾ."

ಹೋಟೆಲಿಗೆ ಫೋನ್ ಮಾಡಿದೆ. ಗಲ್ಲೆಯಲ್ಲಿದ್ದ ಚಿಕ್ಕಪ್ಪ ನಾಲ್ಕನೆಯ ರಿಂಗಿಗೆ ಎತ್ತಿದರು. "ಮೇನ್ ಸ್ವಿಚ್ ತೆಗೀರಿ, ಭಟ್ರಿಗೆ ಕರೆಂಟ್ ಹಿಡಿದಿದೆ" ಎಂದು ನಾನು ಆಫೀಸಿನ ನಡುವೆ ನಿಂತು ಕಿರುಚಿದೆ. ಅವರು ಓಡಿದರು, ಮೇನ್ ತೆಗೆದರು. ಅಡಿಗೆಮನೆಯ ಬಾಗಿಲಿಗೂ ಗಲ್ಲೆಗೂ ಹತ್ತು ಹೆಜ್ಜೆ. ಆಸ್ಪತ್ರೆಗೆ ಒಯ್ದಾಗ ಭಟ್ಟರ ಜೀವ ಹೋಗಿತ್ತು.

ಮರುದಿನ ವೈರ್‌ಮನ್ ಬಂದ. ಅವನ ಕೆಲಸ ಅರ್ಧ ದಿನವೂ ಹಿಡಿಯಲಿಲ್ಲ. ಕೋಲು ಅಕ್ಕಿ ಡ್ರಮ್ಮಿನ ಹಿಂದೆ ಸಿಕ್ಕಿತು, ತೊಳೆದು ಒಣಗಿಸಿ ನಿಲ್ಲಿಸಿಟ್ಟದ್ದು.

ಅಪ್ಪ ಈಗ ನಡೆಯುತ್ತಾರೆ. ಹೋಟೆಲು ಬೇರೆಯವರ ಕೈಗೆ ಹೋಗಿದೆ. ವರ್ಷಕ್ಕೆ ಒಂದೆರಡು ಸಲ, ಊಟದ ನಡುವೆ ಕೈ ನಿಲ್ಲಿಸಿ ಕೇಳುತ್ತಾರೆ: "ನಾನು ಫೋನ್ ಮಾಡುವ ಮೊದ್ಲೇ ಮುಳ್ಳು ನೋಡಿದ್ದಿದ್ರೆ?"

"ಇಲ್ಲ ಅಪ್ಪ. ಹಿಡಿದ ಕೂಡಲೇ ಆಗಿಹೋಗಿದೆ. ಡಾಕ್ಟರು ಹಾಗೇ ಹೇಳಿದ್ದು," ಎನ್ನುತ್ತೇನೆ.

ಡಾಕ್ಟರು ಹಾಗೇನೂ ಹೇಳಿಲ್ಲ. ಲ್ಯಾಪ್‌ಟಾಪಿನಲ್ಲಿ ಉಳಿದ ಪ್ರತಿಯನ್ನು ನೋಡಿದವಳು ನಾನೊಬ್ಬಳೇ. ಭಟ್ಟರು ಬೈರಾಸಿನಲ್ಲಿ ಕೈ ಒರೆಸುತ್ತಾರೆ, ಎರಡು ಅಂಗೈ ತೋರಿಸುತ್ತಾರೆ, ಹಿಡಿಕೆಗೆ ಕೈ ಚಾಚುತ್ತಾರೆ. ಆಮೇಲೆ ಕೆಂಪು ಮುಳ್ಳು ಒಂದು ಸುತ್ತು ಬಂದು ಎರಡನೆಯ ಸುತ್ತಿನ ಅರ್ಧಕ್ಕೆ ಮುಟ್ಟುವವರೆಗೂ ಅವರ ಕಣ್ಣೆವೆ ಬಡಿಯುತ್ತಲೇ ಇತ್ತು. ಒಂದು ಫ್ರೇಮೂ ತಪ್ಪಿರಲಿಲ್ಲ.