ಮಲೀದಾಕ್ಕೆ ಬಿದ್ದ ತುಪ್ಪ

...ಹಾಗೆ ಕೆಳಗಿನ ಮನೆಯವರ ನಂಟು ಕುರ್ಚಿ ಜೋಡಿಸುವುದರಿಂದ ಶುರುವಾದದ್ದು ಎಂದು ನಿನ್ನೆ ಬರೆದಿದ್ದೆನಲ್ಲ, ಅದು ಅಡುಗೆಮನೆಯ ತನಕ ಹೋದದ್ದನ್ನು ಹೇಳಲೇ ಇಲ್ಲ.

ನಿನ್ನೆ ಓದದವರಿಗಾಗಿ ಚುಟುಕಾಗಿ ಹೇಳುತ್ತೇನೆ. ಈ ಅರಬ್ ನಾಡಿನ ಅಲ್ ಅಮೇರಾತ್‌ನಲ್ಲಿ ನನ್ನ ಕೆಳಗಿನ ಫ್ಲ್ಯಾಟಿನಲ್ಲಿರುವವರು ಮಲ್ಕಮ್ಮ ಮತ್ತು ಅವರ ಮಗ ಸ್ಯಾಮ್ಸನ್. ಕೊಂಕಣ ಕರಾವಳಿಯ ಯಹೂದಿಗಳು, ಮುಂಬೈಯಿಂದ ಬಂದವರು. ಅವರ ಹೆಸರು ಮಲ್ಕಾ, ಅಮ್ಮ ಸೇರಿಸಿದ್ದು ನಾನು.

ಇಲ್ಲಿ ಅವರಿಗೆ ಸಿನಗಾಗ್ ಇಲ್ಲ. ಶುಕ್ರವಾರ ಸಂಜೆ ನಾಲ್ಕೈದು ಮನೆಯವರು ಮಲ್ಕಮ್ಮನ ಚಾವಡಿಯಲ್ಲೇ ಸೇರಿ ಪ್ರಾರ್ಥನೆ ಮಾಡುತ್ತಾರೆ. ಕುರ್ಚಿ ಹಾಕುವುದು, ನೀರಿಡುವುದು, ಲಿಫ್ಟ್ ಕೆಟ್ಟರೆ ವಯಸ್ಸಾದವರ ಕೈ ಹಿಡಿದು ಹತ್ತಿಸುವುದು ನನ್ನ ಡ್ಯೂಟಿ. ವಾಲಂಟಿಯರ್ ಎನ್ನಬಹುದು.

ಹೆಂಡತಿ ವಾರಿಜಾ ತೀರಿಕೊಂಡ ಮೇಲೆ, ಆಫೀಸು ಬಿಟ್ಟರೆ ನನ್ನನ್ನು ಬಾ ಎಂದು ಕರೆಯುವ ಮನೆ ಇದೊಂದೇ. ಅದನ್ನೂ ಮೊನ್ನೆ ನಾನೇ ಕೈಯಾರೆ ಕಳೆದುಕೊಂಡೆ ಎಂದುಕೊಂಡಿದ್ದೆ...

ಆದದ್ದು ಇಷ್ಟು. ಸ್ಯಾಮ್ಸನ್‌ನ ಕಂಪನಿ ಮುಚ್ಚಿ ವೀಸಾ ತೂಗಾಡುತ್ತಿತ್ತು. ಹೊಸ ಕಫೀಲ್, ಅಂದರೆ ವೀಸಾಕ್ಕೆ ಹೊಣೆಯಾಗುವ ಧಣಿ, ಸಿಕ್ಕಿದರೆ ಎಲಿಯಾಹು ಪ್ರವಾದಿಯ ಹೆಸರಿನಲ್ಲಿ ಮಲೀದಾ ಮಾಡಿಸುತ್ತೇನೆ ಎಂದು ಮಲ್ಕಮ್ಮ ಹರಕೆ ಹೊತ್ತರು. ಸಿಕ್ಕಿತು.

ಮಲೀದಾ ಎಂದರೆ ನಮ್ಮದೇ ಸಿಹಿ ಅವಲಕ್ಕಿ ಮಾರಾಯ್ರೆ! ತೆಂಗಿನತುರಿ, ಸಕ್ಕರೆ, ಏಲಕ್ಕಿ, ಸುತ್ತ ಹಣ್ಣು. ಮಲ್ಕಮ್ಮನ ಬಲಗೈ ಪ್ಲಾಸ್ಟರಿನಲ್ಲಿತ್ತು. ಬೆರೆಸುವ ಕೆಲಸ ನನಗೆ ಬಂತು.

ವಾದಿ ಅದಾಯ್‌ನಲ್ಲಿ ನಮ್ಮೂರಿನ ಹಮೀದ್ ಬ್ಯಾರಿಯ ಅಂಗಡಿಯಿದೆ. ಇದ್ದ ಅವಲಕ್ಕಿಯನ್ನೆಲ್ಲ ಕಟ್ಟಿಸಿಕೊಂಡೆ.

"ಎಂತ ಶೆಟ್ರೇ, ಅಷ್ಟಮಿ ಇಷ್ಟು ಬೇಗ ಬಂತಾ?"

"ಅಷ್ಟಮಿ ಅಲ್ಲ, ಯಹೂದಿಗಳ ಹರಕೆ."

"ಓ, ಪಾರ್ಟಿ ಚೇಂಜಾ! ನಾಳೆ ಅವಲಕ್ಕಿ ಕೇಳಿ ಬಂದವರಿಗೆ ನಿಮ್ಮ ನಂಬರ್ ಕೊಡ್ತೇನೆ, ಆಯ್ತಾ?"

ಸಂಜೆ ಅವರ ಅಡುಗೆಮನೆಯಲ್ಲಿ ಎಲ್ಲ ಬೆರೆಸಿ ಮುಗಿಸಿದೆ. ಮಲ್ಕಮ್ಮ ಒಳಗೆ ಮಲಗಿದ್ದರು. ರುಚಿ ನೋಡಿದರೆ ಏನೋ ಕೊರತೆ... ತುಪ್ಪವಿಲ್ಲದ ಅವಲಕ್ಕಿ ವಾರಿಜಾಳ ಕೈಯಿಂದ ಎಂದೂ ಹೊರಬಂದದ್ದಿಲ್ಲ.

ಮೇಲೆ ನನ್ನ ಮನೆಗೆ ಹೋಗಿ, ನಾನೇ ಕಾಯಿಸಿಟ್ಟಿದ್ದ ತುಪ್ಪದ ಬಾಟಲಿ ತಂದು ಬಿಸಿ ಮಾಡಿ ಹೊಯ್ದೆ. ಘಮ್ಮೆಂದಿತು. ನನಗೇ ನನ್ನ ಮೇಲೆ ಹೆಮ್ಮೆ.

ಪ್ರಾರ್ಥನೆ ನಡೆಸುವ ಬೆಂಜಮಿನ್ ಸಹಮ್‌ನಿಂದ ಅಷ್ಟು ದೂರ ಕಾರು ಓಡಿಸಿಕೊಂಡು ಬಂದಿದ್ದರು. ತಟ್ಟೆಯ ಹತ್ತಿರ ಬಂದವರು ಮೂಗು ಅರಳಿಸಿ ನಿಂತುಬಿಟ್ಟರು.

ಸ್ಯಾಮ್ಸನ್ ನನ್ನನ್ನು ಪಕ್ಕಕ್ಕೆ ಕರೆದ. ಅವರೊಡನೆ ನನ್ನ ಮಾತೆಲ್ಲ ಹಿಂದಿಯಲ್ಲಿ, ಇಲ್ಲಿ ಕನ್ನಡ ಮಾಡಿ ಹಾಕಿದ್ದೇನೆ.

"ಅಂಕಲ್, ಊಟಕ್ಕೆ ಮಟನ್ ಮಾಡಿದ್ದೇವೆ. ಹಾಲಿನದ್ದನ್ನೂ ಮಾಂಸವನ್ನೂ ನಾವು ಸೇರಿಸುವುದಿಲ್ಲ."

"ಗೊತ್ತಲ್ಲ ಮಗಾ. ನಾನು ಹಾಲು ಮುಟ್ಟಲೇ ಇಲ್ಲ."

"ತುಪ್ಪ ಮರದಲ್ಲಿ ಬಿಡ್ತದಾ ಅಂಕಲ್?"

ಕಾಲೇಜಿನಲ್ಲಿ ಕಲಿತ ಇಂಗ್ಲಿಷೆಲ್ಲ ಒಟ್ಟಾಗಿ ಬಾಯಿಗೆ ಬಂತು. ಸಾರಿ, ವೆರಿ ಸಾರಿ, ಎಕ್ಸ್‌ಟ್ರೀಮ್ಲಿ... ಮುಂದಿನದು ನೆನಪಾಗಲಿಲ್ಲ. ಬೇರೆ ಮಾಡೋಣವೆಂದರೆ ಹಮೀದನಲ್ಲಿ ಒಂದು ಹಿಡಿ ಅವಲಕ್ಕಿಯೂ ಉಳಿದಿಲ್ಲ. ಹರಕೆ ಕೆಟ್ಟಿತು, ಖಲಾಸ್ ಎಂದುಕೊಂಡು ಬಾಗಿಲ ಕಡೆ ತಿರುಗಿದೆ.

"ಎಲ್ಲಿಗೆ ಭಾವೂ?" ಮಲ್ಕಮ್ಮ ಎದ್ದು ಬಂದಿದ್ದರು. ಭಾವೂ ಎಂದರೆ ಅವರ ಮರಾಠಿಯಲ್ಲಿ ತಮ್ಮ, ಅಣ್ಣ ಎಂದು. "ಹರಕೆ ಹೊತ್ತದ್ದು ನಾನು. ಮಲೀದಾ ಕೊಡ್ತೇನೆ ಅಂದಿದ್ದೆ. ತುಪ್ಪ ಇಲ್ಲದ್ದು ಅಂತ ಹೇಳಿದ್ದೆನಾ?"

ಬೆಂಜಮಿನ್ ಗಡ್ಡ ಕೆರೆದುಕೊಂಡರು. "ಹಾಲಿನದ್ದು ಮೊದಲು ತಿನ್ನಬಹುದು. ಬಾಯಿ ತೊಳೆದು, ಬಟ್ಟೆ ತಟ್ಟೆ ಎಲ್ಲ ಬದಲಿಸಿ, ಸ್ವಲ್ಪ ಹೊತ್ತು ಬಿಟ್ಟು ಮಾಂಸ. ಕಾಯಬೇಕು, ಅಷ್ಟೇ."

ಪ್ರಾರ್ಥನೆ ಆಯಿತು. ಮಲೀದಾ ಕೈಯಿಂದ ಕೈಗೆ ಹೋಯಿತು. ಬೆಂಜಮಿನ್ ಎರಡನೇ ಸಲ ಹಾಕಿಸಿಕೊಂಡರು, ಅದನ್ನು ನಾನು ನೋಡಿಲ್ಲವೆಂದು ಅವರು ತಿಳಿದಿದ್ದಾರೆ.

ಆಮೇಲೆ ಮೇಜಿನ ಬಟ್ಟೆ ಬದಲಿಸಿ ಎಲ್ಲರೂ ಕಾಯುತ್ತ ಕೂತೆವು. ಒಳಗಿನಿಂದ ಮಟನ್ನಿನ ಪರಿಮಳ ಬರುತ್ತಿದೆ, ತಿನ್ನುವ ಹಾಗಿಲ್ಲ.

"ಶೆಟ್ಟೀ, ನಿನ್ನ ತುಪ್ಪ ನನ್ನ ಮಟನ್ನನ್ನು ಅರೆಸ್ಟ್ ಮಾಡಿಸಿತು," ಎಂದರು ಬೆಂಜಮಿನ್.

ಎಲ್ಲರೂ ನಕ್ಕರು. ಮಲ್ಕಮ್ಮ ನನ್ನ ಕಡೆ ತಿರುಗಿದರು. "ಹೇಗೂ ಕಾಯಬೇಕಲ್ಲ. ಈ ತುಪ್ಪ ಕಾಯಿಸಲು ಕಲಿಸಿದ್ದು ಯಾರು, ಹೇಳಿ ಭಾವೂ."

ಹೇಳಲು ಹೊರಟವನು ಲೋಟ ಎತ್ತಿಕೊಂಡೆ. ನೀರು ಕುಡಿದು ಮತ್ತೆ ಶುರು ಮಾಡಿದೆ.

ವಾರಿಜಾ ತುಪ್ಪವನ್ನು ಕಣ್ಣಿನಿಂದ ನೋಡುತ್ತಿರಲಿಲ್ಲ, ಕಿವಿಯಿಂದ ಕೇಳುತ್ತಿದ್ದಳು. ಚಟಪಟ ನಿಂತರೆ ಆಯಿತೆಂದು ಲೆಕ್ಕ. ಅದಕ್ಕಾಗಿ ಮನೆಯಲ್ಲಿ ಟಿವಿ ಬಂದ್, ಫ್ಯಾನ್ ಬಂದ್, ನನ್ನ ಬಾಯಿಯೂ ಬಂದ್. ಭಾರತ ಬ್ಯಾಟಿಂಗ್ ಮಾಡುತ್ತಿದ್ದರೂ ಟಿವಿ ಆರಿಸುತ್ತಿದ್ದಳು. ಒಂದು ಸಲ ನಾನು ಸೀನಿದ್ದಕ್ಕೆ ತುಪ್ಪ ಕಪ್ಪಾಯಿತು ಎಂದು ಎರಡು ದಿನ ಮಾತು ಬಿಟ್ಟಿದ್ದಳು.

ಅವಳು ಹೋದ ಮೇಲೆ ಜನ ನನ್ನ ಮುಂದೆ ಅವಳ ಹೆಸರು ಎತ್ತುತ್ತಿರಲಿಲ್ಲ, ನಾನೂ ಎತ್ತಿರಲಿಲ್ಲ. ಅಂದು ಎಷ್ಟು ಸಲ ಹೇಳಿದೆನೋ!

ಹೇಳುತ್ತ ಹೇಳುತ್ತ ಆಸ್ಪತ್ರೆಯಲ್ಲಿ ಅವಳ ಕೊನೆಯ ದಿನಗಳಿಗೆ ಬಂದಿದ್ದೆ. ಸ್ಯಾಮ್ಸನ್ ಮೊಬೈಲ್ ನೋಡಿ, "ಟೈಮ್ ಆಯಿತು, ಮಟನ್ ತರಲಾ?" ಎಂದ.

ಮಟನ್ನಿಗಾಗಿ ಅಷ್ಟು ಗೊಣಗಿದ್ದ ಬೆಂಜಮಿನ್ ಕೈ ಅಡ್ಡ ಹಿಡಿದರು. "ಕೂತ್ಕೋ. ಅವರು ಹೇಳಿ ಮುಗಿಸಲಿ."

ಹೇಳಿ ಮುಗಿಸಿದೆ ಸ್ನೇಹಿತರೇ. ಆಮೇಲೆ ಉಂಡದ್ದು ಆರಿದ ಮಟನ್. ಯಾರೂ ಆಬ್ಜೆಕ್ಷನ್ ಮಾಡಲಿಲ್ಲ.

ಇನ್ನೂ ಬರೆಯಬೇಕಿತ್ತು, ಅಯ್ಯೋ, ಕಿಟಕಿಯ ಹೊರಗೆ ಬೆಟ್ಟದ ಮೇಲಿನ ಬೆಳಕು ಹೋಗುತ್ತಿದೆ... ಇವತ್ತು ಶುಕ್ರವಾರ, ಸೂರ್ಯ ಮುಳುಗುವ ಮೊದಲೇ ಮಲ್ಕಮ್ಮ ದೀಪ ಹಚ್ಚಬೇಕು. ಒಂದೇ ಕೈಯಲ್ಲಿ ಕಡ್ಡಿ ಗೀರಲು ಆಗುವುದಿಲ್ಲ, ಬೆಂಕಿಪೆಟ್ಟಿಗೆ ಹಿಡಿಯಲು ಭಾವೂ ಬರಲಿ ಎಂದು ಹೇಳಿ ಕಳಿಸಿದ್ದಾರೆ.