ಮಾವ ಲೈನು ಹುಡುಕಿದ್ದು

ಫೋನಿನಲ್ಲಿ ಮಾತಾಡಿದರೆ ನನಗೂ ಅಕ್ಕನಿಗೂ ಐದೇ ನಿಮಿಷಕ್ಕೆ ಜಗಳ ಬರುತ್ತಿತ್ತು. ಅಮ್ಮನನ್ನು ಯಾವ ಡಾಕ್ಟರಿಗೆ ತೋರಿಸಬೇಕು, ಹಬ್ಬಕ್ಕೆ ಯಾರ ಮನೆಗೆ ಕರೆಸಿಕೊಳ್ಳಬೇಕು, ಇಂಥವೇ ವಿಷಯಗಳು. ಅವಳು ಮೈಸೂರಿನಲ್ಲಿ ಟೀಚರು. ನಾನು ಪೀಣ್ಯದ ಪಂಪ್ ಫ್ಯಾಕ್ಟರಿಯೊಂದರ ಸ್ಟೋರ್ಸ್‌ನಲ್ಲಿದ್ದೆ. ಗಂಡ ಮತ್ತು ಮಾವನ ಜೊತೆ ಬಾಗಲಗುಂಟೆಯಲ್ಲಿ ವಾಸ. ನನ್ನ ಗಂಡ ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಗೇಮ್ ಕನ್ಸೋಲ್ ತಂದಿದ್ದರು. ಅವರಿಗೆ ಸೆಕೆಂಡ್ ಶಿಫ್ಟ್ ಬಿದ್ದ ವಾರಗಳಲ್ಲಿ ಅದು ಸುಮ್ಮನೆ ಕೂತಿರುತ್ತಿತ್ತು. ಬೇಜಾರಿಗೆಂದು ನಾನು ಕಾರ್ ರೇಸ್ ಆಡತೊಡಗಿದೆ. ಅಕ್ಕನ ಮನೆಯಲ್ಲೂ ಮಗಳಿಗೆಂದು ತಂದ ಅಂಥದೇ ಒಂದಿತ್ತು. ಇಂಟರ್ನೆಟ್ಟಿನಲ್ಲಿ ಇಬ್ಬರೂ ಒಂದೇ ರಸ್ತೆಗಿಳಿಯಬಹುದು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮಾತಾಡಲೂಬಹುದು ಎಂದು ಹೇಳಿಕೊಟ್ಟವಳು ಆ ಮಗಳೇ.

ಸಂಜೆ ಏಳೂವರೆಗೆ, ಇಬ್ಬರ ಅಡುಗೆಯೂ ಒಂದು ಹಂತಕ್ಕೆ ಬಂದ ಮೇಲೆ, ನಮ್ಮ ರೇಸು. ಚಿಕ್ಕಂದಿನಲ್ಲಿ ಬಾಡಿಗೆ ಸೈಕಲ್ಲಿಗೆ ಜುಟ್ಟು ಹಿಡಿದು ಹೊಡೆದಾಡಿದವರು ನಾವು. ಈಗ ಕಾರು ಓಡಿಸುತ್ತಾ ಅಮ್ಮನ ಮಂಡಿನೋವಿನ ಬಗ್ಗೆ ಮಾತಾಡಿದರೂ ಜಗಳ ಆಗುತ್ತಿರಲಿಲ್ಲ. ಸಿಟ್ಟು ಬರುವಷ್ಟರಲ್ಲಿ ಒಂದು ತಿರುವು ಬಂದುಬಿಡುತ್ತಿತ್ತು.

ನಾಲ್ಕೈದು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಲೈನು ಕೈಕೊಡತೊಡಗಿತು. ರೇಸಿನ ಮಧ್ಯೆ ಅಕ್ಕನ ದನಿ ಕಡಿದು, ಕಾರು ನಿಂತು, ಸಂಪರ್ಕ ಹೋಗಿದೆ ಎಂಬ ಒಂದು ಸಾಲು ತೆರೆಯ ಮೇಲೆ ಬರುತ್ತಿತ್ತು. ಒಮ್ಮೊಮ್ಮೆ ಹತ್ತು ನಿಮಿಷಕ್ಕೆ ವಾಪಸಾಗುತ್ತಿತ್ತು, ಒಮ್ಮೊಮ್ಮೆ ಗಂಟೆಯಾದರೂ ಇಲ್ಲ. ಗ್ರಹಚಾರಕ್ಕೆ, ಹೆಚ್ಚು ಸಲ ನಾನು ಹಿಂದೆ ಬಿದ್ದಾಗಲೇ ಹೋಗುತ್ತಿತ್ತು. ಒಂದು ದಿನ ಅಕ್ಕ ಫೋನ್ ಮಾಡಿದಳು.

"ಸೋಲ್ತೀಯ ಅಂತ ಗೊತ್ತಾದ ತಕ್ಷಣ ಆಫ್ ಮಾಡ್ತೀಯಲ್ಲ, ಚಿಕ್ಕೋಳಿದ್ದಾಗಿಂದ ನಿಂದು ಇದೇ ಬುದ್ಧಿ."

ನಾನೂ ಸುಮ್ಮನಿರಲಿಲ್ಲ. ಆ ವಾರ ರೇಸೂ ಇಲ್ಲ, ಮಾತೂ ಇಲ್ಲ.

ನನ್ನ ಸಪ್ಪೆ ಮುಖ ನೋಡಿ ಮಾವನೇ ಕೇಳಿದರು. ಅವರು ಪೀಣ್ಯದಲ್ಲಿ ಮೂವತ್ತು ವರ್ಷ ಲೇತ್ ಮೇಲೆ ಕೆಲಸ ಮಾಡಿ ನಿವೃತ್ತರಾದವರು. ಇಂಟರ್ನೆಟ್ ಎಂದರೇನು ಅವರಿಗೆ ಗೊತ್ತಿರಲಿಲ್ಲ, ಆದರೆ ಕೆಟ್ಟ ಮಿಷನ್ ಎಂದರೆ ಗೊತ್ತಿತ್ತು. ನಾನು ಅದುವರೆಗೆ ಎಲ್ಲ ವೈರನ್ನೂ ಒಟ್ಟಿಗೇ ಕಿತ್ತು, ಒಟ್ಟಿಗೇ ಚುಚ್ಚಿ, ದೇವರ ಮೇಲೆ ಭಾರ ಹಾಕುತ್ತಿದ್ದೆ.

"ಒಂದ್ ಸಲಕ್ಕೆ ಒಂದೇ ಬದಲಾಯಿಸ್ಬೇಕು ಕಣಮ್ಮ," ಎಂದರು. "ಇಲ್ಲಾಂದ್ರೆ ಯಾವುದರಿಂದ ಸರಿಹೋಯ್ತು ಅಂತ ಹೆಂಗ್ ಗೊತ್ತಾಗುತ್ತೆ?"

ಹಳೆಯ ಡೈರಿಯೊಂದರಲ್ಲಿ ಲೈನು ಹೋದ ಹೊತ್ತು, ಬಂದ ಹೊತ್ತು ಬರೆಯತೊಡಗಿದರು. ಮೊದಲ ಸಂಜೆ ರೂಟರನ್ನು ಫ್ರಿಜ್ಜಿನ ಪಕ್ಕದಿಂದ ಟಿವಿ ಹತ್ತಿರಕ್ಕೆ ತಂದೆವು. ಲೈನು ಹೋಯಿತು. ಮರುದಿನ ವೈಫೈ ಬಿಟ್ಟು ಕನ್ಸೋಲಿಗೆ ನೇರವಾಗಿ ವೈರ್ ಚುಚ್ಚಿದೆವು. ಆಗಲೂ ಹೋಯಿತು. ಮೂರನೆಯ ಸಂಜೆ ಮಾವ ರೂಟರಿನ ಮುಂದೆ ಸ್ಟೂಲ್ ಹಾಕಿಕೊಂಡು ಕೂತು ಅದರ ದೀಪಗಳನ್ನೇ ನೋಡಿದರು. ಕರೆಂಟಿನ ದೀಪ ಉರಿಯುತ್ತಲೇ ಇತ್ತು. ಹೊರಗಿನಿಂದ ಬರುವ ಲೈನಿನ ದೀಪ ಮಾತ್ರ ಆರಿತು. ಅವರು ಡೈರಿ ಮುಚ್ಚಿದರು. ತೊಂದರೆ ನಮ್ಮ ಮನೆಯಲ್ಲಿಲ್ಲ, ವೈರು ಎಲ್ಲಿಂದ ಬರುತ್ತೋ ಅಲ್ಲಿದೆ ಎಂದರು. ಕೇಬಲ್‌ನವನಿಗೆ ಹೇಳಿದರೆ ಅವನು ಹಗಲು ಹೊತ್ತಿನಲ್ಲಿ ಬಂದ. ಆಗ ಎಲ್ಲ ಸರಿಯಾಗಿತ್ತು. ಸರಿಯಾಗಿದೆ ಎಂದು ಹೇಳಿ ಹೋದ.

ಮರುದಿನ ಸಂಜೆ ದೀಪ ಆರಿದ ಕೂಡಲೇ ಮಾವ ಟಾರ್ಚ್ ಹಿಡಿದು ಮಹಡಿ ಹತ್ತಿದರು. ಬೀಳುತ್ತಾರೆಂಬ ಭಯಕ್ಕೆ ನಾನೂ ಹಿಂದೆ ಹೋದೆ. ನಮ್ಮ ವೈರು ಪಕ್ಕದ ಮನೆಯ ನೀರಿನ ಟ್ಯಾಂಕಿಗೆ ಒಂದು ಸುತ್ತು ಹಾಕಿಕೊಂಡು, ಅದರಾಚೆಯ ಕಟ್ಟಡದ ತಾರಸಿಯ ಮೇಲಿದ್ದ ಒಂಟಿ ರೂಮಿನ ಕಿಟಕಿಯೊಳಗೆ ಹೋಗಿತ್ತು. ನಾವು ಕೆಳಗಿಳಿದು, ಆ ಮನೆಯ ಓನರನ್ನು ಕೇಳಿಕೊಂಡು, ಅಲ್ಲಿಗೆ ಹತ್ತಿದೆವು.

ರೂಮಿನಲ್ಲಿ ಒಬ್ಬ ಹೆಂಗಸು ಮಿಕ್ಸಿಯಲ್ಲಿ ಶೇಂಗಾ ಚಟ್ನಿಪುಡಿ ಮಾಡುತ್ತಿದ್ದಳು. ಗೋಡೆಯ ಮೇಲೆ ಕೇಬಲ್‌ನವನ ತಗಡಿನ ಡಬ್ಬಿ, ನಮ್ಮ ವೈರು ಹೊರಟದ್ದು ಅದರಿಂದಲೇ. ಅದರ ಪ್ಲಗ್ ನೆಲದ ಮೇಲೆ ಬಿದ್ದಿತ್ತು. ಇಡೀ ರೂಮಿಗೆ ಇದ್ದದ್ದು ಒಂದೇ ಸಾಕೆಟ್ಟು. ಎರಡು ತಿಂಗಳ ಹಿಂದೆ ರಾಯಚೂರು ಕಡೆಯಿಂದ ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದವಳಂತೆ. ನಮ್ಮನ್ನು ನೋಡಿ ಹೆದರಿದಳು.

"ಅದು ಏನ್ ಡಬ್ಬಿ ಅಂತ ನಮಗ ಯಾರೂ ಹೇಳಿಲ್ರೀ," ಎಂದಳು. "ಕೆಲಸದಿಂದ ಬಂದು ಅಡಿಗಿ ಮಾಡೂಮುಂದ ತಗೀತೀನಿ. ಒಮ್ಮೊಮ್ಮೆ ತಿರುಗಿ ಹಾಕೂದು ಮರತು ಹೋಗ್ತೈತ್ರಿ."

ಎರಡು ತಿಂಗಳಿಂದ ನನ್ನನ್ನೂ ಅಕ್ಕನನ್ನೂ ಕಾಡಿದ ಶತ್ರು ಇವಳೇ ಎಂದು ಸಿಟ್ಟಾಗಲು ನೋಡಿದೆ, ಆಗಲಿಲ್ಲ. ಮೈಮೇಲೆ ಇನ್ನೂ ಸಿಮೆಂಟಿನ ಧೂಳಿತ್ತು ಅವಳಿಗೆ. ಮಾವ ಹೊಸ್ತಿಲಲ್ಲೇ ಕೂತು, ತಪ್ಪು ನಿಂದಲ್ಲಮ್ಮ, ಒಂದೇ ಸಾಕೆಟ್ ಕೊಟ್ಟೋರದ್ದು ಎಂದು ಸಮಾಧಾನ ಹೇಳಿದರು. ಭಾನುವಾರ ಓನರನ್ನು ಒಪ್ಪಿಸಿ, ಮೇನ್ ಆಫ್ ಮಾಡಿಸಿ, ಅವಳ ಮಿಕ್ಸಿಗೆ ಬೇರೆ ಸಾಕೆಟ್ ಬೋರ್ಡ್ ಹಾಕಿಕೊಟ್ಟರು. ಕೆಲಸಕ್ಕೆ ಎಂದೂ ರಜೆ ಕೊಟ್ಟಿರದಂತೆ ಅವರ ಕೈ ಓಡುವುದನ್ನು ನಾನು ಅಂದೇ ಮೊದಲು ಹತ್ತಿರದಿಂದ ನೋಡಿದ್ದು.

ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ಕ್ಷಮಿಸು ಎನ್ನುವ ಜಾತಿಯವಳಲ್ಲ. ಆ ಚಟ್ನಿಪುಡಿಗೆ ಬೆಳ್ಳುಳ್ಳಿ ಎಷ್ಟು ಹಾಕ್ತಾರೆ ಕೇಳು ಎಂದಳು.

ಅದನ್ನು ಕೇಳಲು ಹೋದಾಗ, ಡಬ್ಬಿಯೊಳಗಿಂದ ನಿಮ್ಮ ಮನೆಗೆ ಬರುವುದಾದರೂ ಏನು ಎಂದು ಆ ಹೆಂಗಸು ಕೇಳಿದಳು. ಕರೆದುಕೊಂಡು ಬಂದೆ. ಮಾವನ ಪಕ್ಕ ನೆಲದ ಮೇಲೆ ಕೂತು ಇಡೀ ರೇಸು ನೋಡಿದಳು. ಲೈನು ಒಮ್ಮೆಯೂ ಹೋಗಲಿಲ್ಲ. ಕೊನೆಯ ತಿರುವಿನಲ್ಲಿ ನನ್ನ ಕಾರು ಗೋಡೆಗೆ ಗುದ್ದಿತು, ಅಕ್ಕ ಗೆದ್ದಳು. ಅವಳ ನಗು ಹೆಡ್‌ಫೋನಿನಿಂದ ಹೊರಗೂ ಕೇಳುತ್ತಿತ್ತು.

"ಇಷ್ಟಕ್ಕ ಈ ಹಿರೇರು ಆ ಮಾಳಿಗಿ ಹತ್ತಿ ಬಂದ್ರೇನ್ರೀ?" ಎಂದಳು ಆಕೆ.

ಮಾವ ಟಿವಿಯಿಂದ ಕಣ್ಣು ತೆಗೆಯದೆ, "ಅಕ್ಕ ತಂಗಿ ಮಾತಾಡ್ಬೇಕಲ್ಲಮ್ಮ," ಎಂದರು.