ಹದಿನೈದು ದಿನದ ಜರ್ಮನಿ

ವಾದಿರಾಜರು ಜರ್ಮನಿಯಲ್ಲಿದ್ದದ್ದು ಹದಿನೈದೇ ದಿನ. ಅದನ್ನು ಹೇಳಲು ತೊಡಗಿ ಇಪ್ಪತ್ತು ವರ್ಷವಾಯಿತು. ಹೊಸ ಮಿಷನ್ ಕಲಿತು ಬನ್ನಿ ಎಂದು ಪೀಣ್ಯದ ಕಾರ್ಖಾನೆಯವರು ಕಳಿಸಿದ್ದರು. ಆ ಮಿಷನ್ ಗುಜರಿಗೆ ಹೋಗಿಯೂ ಆಯಿತು, ಕಥೆ ಮಾತ್ರ ಇನ್ನೂ ಓಡುತ್ತಿದೆ. ಬಾಗಲಗುಂಟೆ ಸ್ಟಾಪಿನಲ್ಲಿ ಬಸ್ಸು ತಡವಾದರೆ ಸಾಕು, "ಅಲ್ಲಿ ಟ್ರ್ಯಾಮಲ್ಲಿ ಕಂಡಕ್ಟರೇ ಇರಲ್ಲ ಕಣ್ರೀ!" ಎಂದು ಶುರು. ಕಂಡಕ್ಟರ್ ಬಂದಾನೆಂದು ಕಾದು ಕಾದು, ಇಳಿಯುವ ಜಾಗ ಬಂದಾಗ ಟ್ರ್ಯಾಮಿನ ಬಾಗಿಲಿಗೆ ದಬದಬ ಬಡಿದು "ಹೋಲ್ಡಾನ್!" ಎಂದು ಕೂಗಿದರಂತೆ. ಟಿಕೆಟ್ಟಿಲ್ಲದ ತಪ್ಪಿಗೆ ಆಫೀಸಿಗೆ ಕರೆದೊಯ್ದರಂತೆ. ಅಲ್ಲಿನ ಕಾರ್ಪೆಟ್ ಕಂಡು ಇವರು ಬೂಟನ್ನು ಬಾಗಿಲಾಚೆ ಬಿಟ್ಟರೆ, ಯಾರೋ ಅದನ್ನು ಕಳೆದುಹೋದ ವಸ್ತುಗಳ ವಿಭಾಗಕ್ಕೆ ಒಪ್ಪಿಸಿಬಿಟ್ಟರಂತೆ. "ನನ್ ಬೂಟು ನಂದೇ ಅನ್ನೋಕೆ ಸಾಕ್ಷಿ ಕೇಳಿದ್ರು ಕಣ್ರೀ! ಹಿಮದಲ್ಲಿ ಬರಿಗಾಲು!" ಪಾದ ಮುಳುಗುವಷ್ಟಿದ್ದ ಹಿಮ ವರ್ಷದಿಂದ ವರ್ಷಕ್ಕೆ ಏರಿ ಈಗ ಮೊಣಕಾಲಿಗೆ ಬಂದಿದೆ. "ಹಿಮ ಎಲ್ಲಿತ್ರೀ, ನೀವು ಹೋಗಿದ್ದು ಮೇ ತಿಂಗಳಲ್ಲಿ" ಎಂದು ಹೆಂಡತಿ ಸತ್ಯವತಿ ನೆನಪಿಸಿದರೂ ಅದು ಕರಗುವುದಿಲ್ಲ. ಆದರೆ ಒಡಿಶಾದಿಂದ ಕೆಲಸಕ್ಕೆ ಬಂದ ಹೊಸಬನೊಬ್ಬ ಬಸ್ಸಿನ ಕನ್ನಡ ಬೋರ್ಡುಗಳನ್ನು ಪಿಳಿಪಿಳಿ ನೋಡುತ್ತಾ ನಿಂತಿದ್ದರೆ ಕಥೆ ಅರ್ಧಕ್ಕೇ ನಿಲ್ಲುತ್ತದೆ. ವಾದಿರಾಜರು ಅವನೊಂದಿಗೆ ಬಸ್ಸು ಹತ್ತಿ, ಅವನ ಕಾರ್ಖಾನೆಯ ಗೇಟಿನವರೆಗೂ ನಡೆದು ಬಿಟ್ಟು ಬರುತ್ತಾರೆ. "ದಾರಿ ಹೇಳಿದ್ರೆ ಸಾಕಿತ್ತಲ್ಲ ಸಾರ್?" ಎಂದು ಯಾರಾದರೂ ಕೇಳಿದರೆ, "ಅಲ್ಲಿ ಎಲ್ರೂ ನಂಗೆ ದಾರಿ ಹೇಳಿದ್ರು ಕಣ್ರೀ, ಒಬ್ರೂ ಜೊತೆಗೆ ಬರ್ಲಿಲ್ಲ" ಎನ್ನುತ್ತಾರೆ. ಇಷ್ಟು ವರ್ಷದಲ್ಲಿ ಆ ಮಾತು ಮಾತ್ರ ಒಂದಿಂಚೂ ಬೆಳೆದಿಲ್ಲ.